ಬೆಳಕನ್ನು ಬೆಳೆಸುವ ಗಾಜಿನ ಎಳೆ: ಲೇಸರ್ ಫೈಬರ್ ತಯಾರಾಗುವ ಬಗೆ

ಸಂಪರ್ಕಜಾಲದ ಆಪ್ಟಿಕಲ್ ಫೈಬರ್ ಒಂದು ತುದಿಯಲ್ಲಿ ಹೊಕ್ಕ ಬೆಳಕನ್ನು ಹೆಚ್ಚು ಸೋರದಂತೆ ಇನ್ನೊಂದು ತುದಿಗೆ ಮುಟ್ಟಿಸಿದರೆ ಅದರ ಕೆಲಸ ಮುಗಿಯಿತು. ಲೇಸರ್ ಫೈಬರಿನ ಹೊಣೆ ಇನ್ನೂ ದೊಡ್ಡದು. ಅದು ವಿದ್ಯುತ್ತಿನಿಂದ ಬೆಳಕು ಸೂಸುವ ಡಯೋಡ್‌ಗಳು ಸುರಿಯುವ ಚೆದುರಿದ ಬೆಳಕನ್ನು ಹೀರಿಕೊಂಡು, ಬಿಗಿಯಾದ ಒಂದೇ ಕಿರಣವಾಗಿ ಹೊರಗೆ ಕೊಡಬೇಕು. ಇದಕ್ಕಾಗಿ ಗಾಜಿನ ತಿರುಳಿಗೆ, ಅಂದರೆ ಎಳೆಯ ನಡುಭಾಗಕ್ಕೆ, ಯಿಟರ್ಬಿಯಂನಂಥ ವಿರಳ ಭಸ್ಮ ಧಾತುವೊಂದನ್ನು ಬೆರೆಸುತ್ತಾರೆ. ಅಮೆರಿಕದ ಭೌತವಿಜ್ಞಾನಿ ಎಲಿಯಾಸ್ ಸ್ನಿಟ್ಜರ್ ಈ ಬಗೆಯ ಲೇಸರಿನ ವಿಚಾರವನ್ನು 1961ರಲ್ಲೇ ಮುಂದಿಟ್ಟಿದ್ದರು. 1964ರಲ್ಲಿ ಚಾರ್ಲ್ಸ್ ಕೋಸ್ಟರ್ ಜೊತೆಗೂಡಿ, ನಿಯೋಡಿಮಿಯಂ ಬೆರೆತ ಗಾಜಿನ ಎಳೆಯಲ್ಲಿ ಬೆಳಕು ವರ್ಧಿಸುವುದನ್ನು ತೋರಿಸಿದರು. ಧಾತುವನ್ನು ಬೆರೆಸುವುದೇನೂ ಕಷ್ಟವಲ್ಲ. ಅದರ ಅಯಾನುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ, ಗಾಜಿನ ಉದ್ದಗಲಕ್ಕೂ ಹರಡಿ ಕೂರುವಂತೆ ಮಾಡುವುದೇ ಕಷ್ಟ. ಲೇಸರಿನ ದಕ್ಷತೆ ಬಹುಮಟ್ಟಿಗೆ ಅಲ್ಲೇ ನಿರ್ಧಾರವಾಗುತ್ತದೆ.

ಧಾತುವಿನ ಆಯ್ಕೆ

ಮೊದಲು ಯಾವ ತರಂಗಾಂತರದ ಕಿರಣ ಬೇಕೆಂದು ತೀರ್ಮಾನಿಸಬೇಕು. 1550 ನ್ಯಾನೋಮೀಟರಿನ ಸುತ್ತ ಬೇಕಾದರೆ ಎರ್ಬಿಯಂ, 2000 ನ್ಯಾನೋಮೀಟರಿನ ಸುತ್ತ ಬೇಕಾದರೆ ಥುಲಿಯಂ. ಲೋಹ ಕತ್ತರಿಸುವಂಥ ಹೆಚ್ಚು ಶಕ್ತಿಯ ಕೆಲಸಕ್ಕೆ ಸಾಮಾನ್ಯವಾಗಿ ಯಿಟರ್ಬಿಯಂ, ಮತ್ತು ಅದಕ್ಕೆ ಕಾರಣ ಸರಳವಾದ ಲೆಕ್ಕ. ಯಿಟರ್ಬಿಯಂ 976 ನ್ಯಾನೋಮೀಟರಿನ ಪಂಪ್ ಬೆಳಕನ್ನು (ಡಯೋಡುಗಳು ತುಂಬುವ ಬೆಳಕನ್ನು) ಹೀರಿ 1070ರಲ್ಲಿ ಹೊರಸೂಸಿದರೆ, ಹೀರಿದ, ಸೂಸಿದ ಎರಡು ಬೆಳಕಿನ ಕಣಗಳ, ಅಂದರೆ ಫೋಟಾನ್‌ಗಳ ಶಕ್ತಿಯ ವ್ಯತ್ಯಾಸವಾದ ಸುಮಾರು 9 ಶೇಕಡ ಮಾತ್ರ ಶಾಖವಾಗಿ ಹೋಗುತ್ತದೆ. 808ರಲ್ಲಿ ಹೀರಿ 1064ರಲ್ಲಿ ಸೂಸುವ ನಿಯೋಡಿಮಿಯಂನಲ್ಲಿ ಈ ನಷ್ಟ ಸುಮಾರು 24 ಶೇಕಡ. ಮುಂದೆ ವಿವರಿಸುವುದು ಯಿಟರ್ಬಿಯಂ ಫೈಬರಿನ ತಯಾರಿಯನ್ನೇ.

ಗಾಜಿನ ಪಾಕ

ಶುದ್ಧ ಸಿಲಿಕಾ ಗಾಜಿಗೆ ಯಿಟರ್ಬಿಯಂ ಒಗ್ಗುವುದಿಲ್ಲ. ಸಿಲಿಕಾದ ಜಾಲದಲ್ಲಿ ಆಮ್ಲಜನಕದ ಪರಮಾಣುಗಳೆಲ್ಲ ಸಿಲಿಕಾನ್‌ಗಳ ನಡುವೆ ಸೇತುವೆಗಳಾಗಿ ಬಿಗಿಯಾಗಿ ಕಟ್ಟಿಕೊಂಡಿರುತ್ತವೆ. ಗಾತ್ರದಲ್ಲಿ ದೊಡ್ಡದಾದ ಯಿಟರ್ಬಿಯಂ ಅಯಾನಿಗೆ ತನ್ನ ಸುತ್ತ ಹಲವು ಆಮ್ಲಜನಕಗಳು ಬೇಕು. ಅವು ಸಿಗದಿದ್ದಾಗ ಅಯಾನುಗಳು ಇದ್ದಷ್ಟನ್ನೇ ತಮ್ಮೊಳಗೆ ಹಂಚಿಕೊಂಡು ಗುಂಪುಗೂಡುತ್ತವೆ. ಗುಂಪಿನಲ್ಲಿರುವ ಅಯಾನುಗಳು ಹೀರಿದ ಶಕ್ತಿಯನ್ನು ಕಿರಣಕ್ಕೆ ಕೊಡದೆ ಪಕ್ಕದವಕ್ಕೆ ದಾಟಿಸಿ ಪೋಲು ಮಾಡುತ್ತವೆ. ಆದ್ದರಿಂದ ಧಾತುವನ್ನು ಹೆಚ್ಚೆಚ್ಚು ತುಂಬಿದರೆ ಲೇಸರ್ ಬಲವಾಗುತ್ತದೆ ಎಂಬ ಎಣಿಕೆ ತಪ್ಪು.

ಇದಕ್ಕೆ ಪರಿಹಾರ ಅಲ್ಯೂಮಿನಿಯಂ ಅಥವಾ ರಂಜಕ. ಇವು ಯಿಟರ್ಬಿಯಂ ಅಯಾನನ್ನು ಸುತ್ತುವರಿದು, ಅದಕ್ಕೆ ಬೇಕಾದ ಆಮ್ಲಜನಕವನ್ನು ಒದಗಿಸಿ, ಅದನ್ನು ಗಾಜಿನಲ್ಲಿ ಕರಗಿಸುತ್ತವೆ. ಎರಡರಲ್ಲಿ ಯಾವುದು ಮೇಲು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಅಲ್ಯೂಮಿನಿಯಂ ಬೆರೆತ ಗಾಜನ್ನು ಮಾಡುವುದು ಸುಲಭ, ಅದು ಪಂಪ್ ಬೆಳಕನ್ನೂ ಚೆನ್ನಾಗಿ ಹೀರುತ್ತದೆ. ಆದರೆ ದೀರ್ಘ ಬಳಕೆಯಲ್ಲಿ ಅದು ಕಪ್ಪಿಡುವ ಸಂಭವ ಹೆಚ್ಚು. ರಂಜಕ ಈ ಕಪ್ಪಿಡುವಿಕೆಯನ್ನು ಬಲವಾಗಿ ತಡೆಯುತ್ತದೆ, ಆದರೆ ಕಾಯಿಸುವಾಗ ಆವಿಯಾಗಿ ಹಾರಿಹೋಗುತ್ತದೆ. ಎರಡನ್ನೂ ಸಮಪ್ರಮಾಣದಲ್ಲಿ ಹಾಕಿದರೆ ಅವು ಪರಸ್ಪರ ಬೆಸೆದುಕೊಂಡು, ಸಿಲಿಕಾವನ್ನೇ ಹೋಲುವ ಘಟಕಗಳಾಗಿ ಜಾಲದೊಳಗೆ ಸೇರಿಹೋಗುತ್ತವೆ. ಒಂದೊಂದನ್ನೇ ಹಾಕಿದಾಗ ಏರುವ ವಕ್ರೀಭವನ ಸೂಚ್ಯಂಕ (ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆಂಬುದರ ಅಳತೆ) ಆಗ ಏರುವುದೇ ಇಲ್ಲ. ದೊಡ್ಡ ತಿರುಳಿನ ಫೈಬರ್ ಮಾಡುವವರಿಗೆ ಇದು ವರವೇ ಸರಿ: 20 ಮೈಕ್ರೋಮೀಟರ್ ವ್ಯಾಸದ ತಿರುಳಿನಲ್ಲಿ ಕಿರಣ ಚೊಕ್ಕಟವಾಗಿ ಉಳಿಯಬೇಕಾದರೆ ತಿರುಳಿಗೂ ಅದರ ಹೊದಿಕೆಗೂ ಸೂಚ್ಯಂಕದ ಅಂತರ ಸುಮಾರು 0.001ರ ಆಸುಪಾಸಿನಲ್ಲಷ್ಟೇ ಇರಬೇಕು. ಇವುಗಳ ಜೊತೆಗೆ ಸ್ವಲ್ಪ ಸೀರಿಯಂ ಸೇರಿಸಿ ಕಪ್ಪಿಡುವುದನ್ನು ತಗ್ಗಿಸುವ ರೂಢಿಯೂ ಇದೆ.

ಕೊಳವೆಯೊಳಗೆ ಹುಡಿ, ಹುಡಿಯೊಳಗೆ ದ್ರಾವಣ

ಶುದ್ಧ ಸಿಲಿಕಾದ ಕೊಳವೆಯೊಂದನ್ನು ಲೇತ್ ಯಂತ್ರಕ್ಕೆ ಕಟ್ಟಿ ತಿರುಗಿಸುತ್ತ, ಹೊರಗಿನಿಂದ ಜಲಜನಕ ಮತ್ತು ಆಮ್ಲಜನಕದ ಜ್ವಾಲೆಯನ್ನು ಉದ್ದಕ್ಕೂ ಓಡಾಡಿಸುತ್ತಾರೆ. ಒಳಗೆ ಸಿಲಿಕಾನ್ ಟೆಟ್ರಾಕ್ಲೋರೈಡಿನ ಆವಿ ಮತ್ತು ಆಮ್ಲಜನಕ ಹರಿಯುತ್ತವೆ. ಬಿಸಿ ತಾಗಿದಲ್ಲಿ ಅವು ವರ್ತಿಸಿ ನುಣುಪಾದ ಗಾಜಿನ ಹುಡಿಯಾಗುತ್ತವೆ, ಮತ್ತು ಆ ಹುಡಿ ಮುಂದಿನ ತಂಪಾದ ಗೋಡೆಯ ಮೇಲೆ ಕೂರುತ್ತದೆ. ಬೆಲ್ ಪ್ರಯೋಗಾಲಯದಲ್ಲಿ 1974ರ ಸುಮಾರಿಗೆ ರೂಪುಗೊಂಡ ಈ ವಿಧಾನದಲ್ಲಿ ಸಾಮಾನ್ಯ ಫೈಬರಿಗಾದರೆ ಹುಡಿಯನ್ನು ಅಲ್ಲೇ ಕರಗಿಸಿ ಗಾಜು ಮಾಡುತ್ತಾರೆ. ಇಲ್ಲಿ ಹಾಗೆ ಮಾಡಬಾರದು. ತಾಪವನ್ನು ತಗ್ಗಿಸಿ, ಹುಡಿಯ ಕಣಗಳು ಒಂದಕ್ಕೊಂದು ಹಿಡಿದುಕೊಳ್ಳುವಷ್ಟು ಮಾತ್ರ ಬೆಸೆದು, ಪದರವನ್ನು ಸ್ಪಂಜಿನಂತೆ ಉಳಿಸಿಕೊಳ್ಳಬೇಕು.

ಬಳಿಕ ಕೊಳವೆಯನ್ನು ಬಿಚ್ಚಿ, ಯಿಟರ್ಬಿಯಂ ಮತ್ತು ಅಲ್ಯೂಮಿನಿಯಂ ಕ್ಲೋರೈಡುಗಳನ್ನು ನೀರಿನಲ್ಲೋ ಆಲ್ಕೋಹಾಲಿನಲ್ಲೋ ಕರಗಿಸಿದ ದ್ರಾವಣವನ್ನು ತುಂಬಿ, ಹುಡಿಯ ಪದರ ಅದನ್ನು ಪೂರ್ತಿ ಹೀರಲು ಸುಮಾರು ಒಂದು ಗಂಟೆ ಬಿಡುತ್ತಾರೆ. ಸೌತಾಂಪ್ಟನ್ ವಿಶ್ವವಿದ್ಯಾಲಯದ ತಂಡ 1980ರ ದಶಕದಲ್ಲಿ ಬಳಕೆಗೆ ತಂದ ಈ ಉಪಾಯ ನೋಡಲು ಅಡುಗೆಮನೆಯ ಕೆಲಸದಷ್ಟು ಸರಳ. ಆದರೆ ಹುಡಿ ಒಂದೆಡೆ ದಪ್ಪ ಇನ್ನೊಂದೆಡೆ ತೆಳು ಇದ್ದರೆ, ಅಥವಾ ದ್ರಾವಣವನ್ನು ಅವಸರದಿಂದ ಬಸಿದರೆ, ಮುಂದಿನ ಯಾವ ಹಂತದಲ್ಲೂ ಆ ತಪ್ಪನ್ನು ತಿದ್ದಲಾಗದು. ನಿಧಾನವಾಗಿ ಬಸಿಯುವುದೇ ಇಲ್ಲಿನ ಕೈಚಳಕ. ರಾಸಾಯನಿಕಗಳೂ ಅತಿ ಶುದ್ಧವಾಗಿರಬೇಕು, ಏಕೆಂದರೆ ಕಬ್ಬಿಣ, ತಾಮ್ರಗಳಂಥ ಲೋಹಗಳ ಲವಲೇಶವೂ ಬೆಳಕನ್ನು ನುಂಗುತ್ತದೆ.

ಒಣಗಿಸಿ ಮುಚ್ಚುವುದು

ನೆನೆದ ಪದರವನ್ನು ನೈಟ್ರೋಜನ್ ಹಾಯಿಸಿ ಒಣಗಿಸಿ, ಕ್ಲೋರೈಡುಗಳು ಆಕ್ಸೈಡುಗಳಾಗುವಂತೆ ಆಮ್ಲಜನಕದಲ್ಲಿ ಕಾಯಿಸುತ್ತಾರೆ. ಈ ಕ್ರಮ ತಪ್ಪಿದರೆ ಅಲ್ಯೂಮಿನಿಯಂ ಕ್ಲೋರೈಡ್ ಆವಿಯಾಗಿ ಹೊರಟುಹೋಗುತ್ತದೆ. ಆಮೇಲೆ ಕ್ಲೋರಿನ್ ಹಾಯಿಸಿ, ಒಳಗೆ ಉಳಿದ ನೀರಿನ ಅಂಶವನ್ನು, ಅಂದರೆ ಹೈಡ್ರಾಕ್ಸಿಲ್ ಗುಂಪುಗಳನ್ನು, ತೆಗೆಯಬೇಕು. ನಂತರ ತಾಪ ಏರಿಸಿ ಹುಡಿಯನ್ನು ಪಾರದರ್ಶಕ ಗಾಜಾಗಿಸಿ, 2000 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿದಾಗ ಕೊಳವೆ ತನ್ನಷ್ಟಕ್ಕೆ ಕುಗ್ಗಿ ಗಟ್ಟಿ ಸರಳಾಗುತ್ತದೆ. ಇದನ್ನೇ ಪ್ರೀಫಾರ್ಮ್ ಎನ್ನುತ್ತಾರೆ. ರಂಜಕ ಇರುವ ಪಾಕವಾದರೆ ಈ ಹಂತದಲ್ಲಿ ತಿರುಳಿನ ನಟ್ಟನಡುವಿನಿಂದ ಅದು ಹಾರಿ, ಸೂಚ್ಯಂಕದಲ್ಲಿ ಗುಳಿಯೊಂದು ಬೀಳುತ್ತದೆ. ಕುಗ್ಗಿಸುವಾಗ ರಂಜಕದ ಆವಿಯನ್ನು ಹರಿಸುತ್ತಲೇ ಇದ್ದು ಗುಳಿಯನ್ನು ತುಂಬಬೇಕಾಗುತ್ತದೆ.

ಎಂಟು ಮೂಲೆಯ ಹೊದಿಕೆ

ಡಯೋಡುಗಳ ಚೆದುರಿದ ಬೆಳಕನ್ನು ಕಿರಿದಾದ ತಿರುಳಿಗೆ ನೇರವಾಗಿ ತೂರಿಸಲಾಗದು. ಅದಕ್ಕೇ ಎರಡು ಹೊದಿಕೆಗಳ ಏರ್ಪಾಡು: ಪಂಪ್ ಬೆಳಕು ತಿರುಳನ್ನು ಸುತ್ತಿದ ಗಾಜಿನ ಅಗಲವಾದ ಒಳಹೊದಿಕೆಯಲ್ಲಿ ಸಾಗುತ್ತ, ಆಗಾಗ ತಿರುಳನ್ನು ಹಾಯ್ದು, ಅಲ್ಲಿ ಸ್ವಲ್ಪ ಸ್ವಲ್ಪವಾಗಿ ಹೀರಲ್ಪಡುತ್ತದೆ. ಒಳಹೊದಿಕೆ ದುಂಡಗಿದ್ದರೆ ಹಲವು ಕಿರಣಗಳು ಸುರುಳಿಯಾಗಿ ಸುತ್ತುತ್ತ ತಿರುಳನ್ನು ಮುಟ್ಟದೆಯೇ ಕೊನೆ ತಲಪುತ್ತವೆ. ಹಾಗಾಗದಿರಲು ಪ್ರೀಫಾರ್ಮಿನ ಬದಿಗಳನ್ನು ಅರೆದು ಎಂಟು ಮೂಲೆಯ ಆಕಾರಕ್ಕೆ ತರುತ್ತಾರೆ.

ಎಳೆಯುವುದು ಮುಂದಿನ ಕೆಲಸ. ಗೋಪುರದ ತುದಿಯ ಕುಲುಮೆಯಲ್ಲಿ, 2000 ಡಿಗ್ರಿಯ ಆಸುಪಾಸಿನಲ್ಲಿ, ಮೆತ್ತಗಾದ ಪ್ರೀಫಾರ್ಮಿನಿಂದ ಎಳೆ ಇಳಿಯುತ್ತದೆ. 10 ಮಿಲಿಮೀಟರ್ ದಪ್ಪದ ಸರಳನ್ನು 400 ಮೈಕ್ರೋಮೀಟರಿಗೆ ಎಳೆದರೆ ಉದ್ದ 625 ಪಟ್ಟಾಗುತ್ತದೆ, ಎಂದರೆ 10 ಸೆಂಟಿಮೀಟರಿಗೆ 62.5 ಮೀಟರ್ ಫೈಬರ್. ತಾಪ ಹೆಚ್ಚಾದರೆ ಅರೆದ ಮೂಲೆಗಳು ಕರಗಿ ದುಂಡಗಾಗುತ್ತವೆ, ಕಡಿಮೆಯಾದರೆ ಎಳೆ ತುಂಡಾಗುತ್ತದೆ. ಕುಲುಮೆಯಿಂದ ಹೊರಬಂದ ಎಳೆಗೆ ಕೂಡಲೇ ಗಾಜಿಗಿಂತ ಕಡಿಮೆ ಸೂಚ್ಯಂಕದ, ಫ್ಲೋರಿನ್ ಇರುವ ಪಾಲಿಮರ್ ಲೇಪಿಸಿ, ಅತಿನೇರಳೆ ಬೆಳಕಿನಿಂದ ಗಟ್ಟಿಗೊಳಿಸುತ್ತಾರೆ. ಇದೇ ಎರಡನೆಯ ಹೊದಿಕೆ.

ಪರೀಕ್ಷೆ

ಫೈಬರನ್ನು ತುಂಡು ತುಂಡಾಗಿ ಕತ್ತರಿಸುತ್ತ ಹೋಗಿ, ಪ್ರತಿ ಮೀಟರಿಗೆ ಎಷ್ಟು ಪಂಪ್ ಬೆಳಕು ಹೀರಲ್ಪಡುತ್ತದೆಂದು ಅಳೆಯುತ್ತಾರೆ. ಅದು ಮೀಟರಿಗೆ 1.3 ಡೆಸಿಬೆಲ್ (10 ಡೆಸಿಬೆಲ್ ಎಂದರೆ ಬೆಳಕು ಹತ್ತನೇ ಒಂದಕ್ಕೆ ಇಳಿಯುವುದು) ಇದ್ದರೆ, 95 ಶೇಕಡ ಹೀರಲು 10 ಮೀಟರ್ ಬೇಕು. ಅನಂತರ ಲೇಸರ್ ಕಟ್ಟಿ, ಹೀರಿದ ಪಂಪ್ ಶಕ್ತಿ ಏರಿದಂತೆ ಕಿರಣದ ಶಕ್ತಿ ಎಷ್ಟು ಏರುತ್ತದೆಂದು ನೋಡುತ್ತಾರೆ. ಒಳ್ಳೆಯ ಯಿಟರ್ಬಿಯಂ ಫೈಬರಿನಲ್ಲಿ ಇದು 80 ಶೇಕಡಕ್ಕೂ ಮಿಗಿಲು. ಮೊದಲ ದಿನದ ಈ ಅಂಕಿಯನ್ನು ನೋಡಿ ಹಿಗ್ಗುವ ಮೊದಲು ಕಪ್ಪಿಡುವಿಕೆಯ ಪರೀಕ್ಷೆಯೂ ಆಗಬೇಕು. ಚಿಕ್ಕ ತುಂಡೊಂದಕ್ಕೆ 976 ನ್ಯಾನೋಮೀಟರಿನ ಬೆಳಕನ್ನು ಗಂಟೆಗಟ್ಟಲೆ ತುಂಬುತ್ತ, ಅದರ ಮೂಲಕ 633 ನ್ಯಾನೋಮೀಟರಿನ ಕೆಂಪು ಕಿರಣವನ್ನು ಹಾಯಿಸುತ್ತಾರೆ. ಕಪ್ಪಿಡುವುದರಿಂದಾಗುವ ನಷ್ಟ ಲೇಸರಿನ ತರಂಗಾಂತರಕ್ಕಿಂತ ಕೆಂಪಿನಲ್ಲಿ ಹಲವು ಪಟ್ಟು ಹೆಚ್ಚಾಗಿ ಕಾಣುವುದರಿಂದ, ಕೆಂಪು ಮಂಕಾದರೆ ಪಾಕದಲ್ಲಿ ರಂಜಕವನ್ನೋ ಸೀರಿಯಂ ಅನ್ನೋ ಹೆಚ್ಚಿಸಿ, ಹೊಸ ಕೊಳವೆಯೊಂದನ್ನು ಲೇತ್‌ಗೆ ಕಟ್ಟಬೇಕು.