ಆಮ್ಲ-ಪ್ರತ್ಯಾಮ್ಲದ ಲೆಕ್ಕ: ಸೂತ್ರಕ್ಕೆ ಮೊದಲು ಸಮೀಕರಣ

ಮಳೆಯ ರಜೆಯಲ್ಲಿ ಮನೆಯಲ್ಲೇ ಓದುತ್ತಿರುವ ಉಡುಪಿ, ಮಂಗಳೂರಿನ ಪಿಯುಸಿ ಮಕ್ಕಳಿಗೆ ಒಂದು ಸಲಹೆ. ತಟಸ್ಥೀಕರಣದ (ಆಮ್ಲ, ಪ್ರತ್ಯಾಮ್ಲ ಒಂದನ್ನೊಂದು ತಟಸ್ಥಗೊಳಿಸುವ) ಲೆಕ್ಕ ಕಂಡ ಕೂಡಲೇ ‘ಎಂ1ವಿ1 = ಎಂ2ವಿ2’ ಎಂದು ಬರೆಯಬೇಡಿ. ಇಲ್ಲಿ ಎಂ ಎಂದರೆ ಮೋಲಾರಿಟಿ, ಅಂದರೆ ಲೀಟರಿಗೆ ಎಷ್ಟು ಮೋಲ್ (ಕಣಗಳನ್ನು ಎಣಿಸುವ ಏಕಮಾನ) ಇದೆ ಎಂಬುದು; ವಿ ಎಂದರೆ ದ್ರಾವಣದ ಗಾತ್ರ. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಒಂದು ಮೋಲ್‌ಗೆ ಒಂದು ಮೋಲ್‌ನಂತೆ ವರ್ತಿಸುವುದರಿಂದ ಅಲ್ಲಿ ಆ ಸೂತ್ರ ಸರಿ. ಸಲ್ಫ್ಯೂರಿಕ್ ಆಮ್ಲ ಬಂದರೆ ಕೈಕೊಡುತ್ತದೆ. ಅದರ ಒಂದು ಮೋಲ್‌ಗೆ ಎರಡು ಮೋಲ್ ಸೋಡಿಯಂ ಹೈಡ್ರಾಕ್ಸೈಡ್ ಬೇಕು.

0.1 ಮೋಲಾರ್ ಸಲ್ಫ್ಯೂರಿಕ್ ಆಮ್ಲ 25 ಮಿಲಿಲೀಟರ್ ಇದೆ ಎನ್ನಿ. ಗುಣಿಸಿದರೆ 2.5 ಮಿಲಿಮೋಲ್ (ಮೋಲ್‌ನ ಸಾವಿರದ ಒಂದು ಭಾಗ). ಪ್ರತ್ಯಾಮ್ಲ ಅದರ ಎರಡರಷ್ಟು, ಅಂದರೆ 5 ಮಿಲಿಮೋಲ್. ಅದೂ 0.1 ಮೋಲಾರ್ ಆಗಿದ್ದರೆ 50 ಮಿಲಿಲೀಟರ್ ಹಿಡಿಯುತ್ತದೆ. ಮಿಲಿಮೋಲ್‌ನಲ್ಲೇ ಮುಂದುವರಿದರೆ ಸಾವಿರದಿಂದ ಭಾಗಿಸುವ ರಗಳೆಯೇ ಇಲ್ಲ.

ಅಸಿಟಿಕ್‌ನಂತಹ ದುರ್ಬಲ ಆಮ್ಲವಾದರೂ ಮೋಲ್ ಲೆಕ್ಕ ಬದಲಾಗುವುದಿಲ್ಲ. ಬಣ್ಣ ಬದಲಿಸಿ ಕ್ರಿಯೆ ಮುಗಿದದ್ದನ್ನು ತೋರಿಸುವ ಸೂಚಕ ಮಾತ್ರ ಫಿನಾಲ್ಫ್ಥಲೀನ್ ಇರಲಿ, ಮೀಥೈಲ್ ಆರೆಂಜ್ ಬೇಡ.