ಪಟ್ಟೆ ಎಲೆಯ ಜೀಬ್ರಾ ಬಳ್ಳಿ: ಗುರುತಿಸುವ ಮತ್ತು ಬೆಳೆಸುವ ಕ್ರಮ

ಮಂಗಳೂರು, ಉಡುಪಿಯ ಮನೆಗಳ ಜಗಲಿಯಲ್ಲಿ ತೂಗುಕುಂಡದಿಂದ ಇಳಿಬಿದ್ದಿರುವ ಬೆಳ್ಳಿಪಟ್ಟೆಯ ಗಿಡದ ಶಾಸ್ತ್ರೀಯ ಹೆಸರು ಟ್ರೇಡೆಸ್ಕ್ಯಾನ್ಶಿಯಾ ಜೆಬ್ರಿನಾ. ಮೆಕ್ಸಿಕೋದಿಂದ ಕೊಲಂಬಿಯಾದವರೆಗಿನ ಪ್ರದೇಶ ಇದರ ತವರು. ಮಳೆಗಾಲದಲ್ಲಿ ನಮ್ಮ ಗದ್ದೆಬದುಗಳಲ್ಲಿ ನೀಲಿ ಹೂ ಬಿಡುವ ಕೋಮೆಲೀನಾ ಕಳೆಯೂ ಇದೇ ಕುಟುಂಬದ್ದು.

ಗುರುತಿಸಲು ಮೊದಲು ಎಲೆಯನ್ನು ಮಗುಚಿ ನೋಡಬೇಕು. ಮೇಲ್ಭಾಗದಲ್ಲಿ ನಡುನರದ ಎರಡೂ ಬದಿಗೆ ಒಂದೊಂದು ಅಗಲವಾದ ಬೆಳ್ಳಿಪಟ್ಟೆ ಇದ್ದು, ತಳಭಾಗ ಗಾಢ ನೇರಳೆಯಾಗಿದ್ದರೆ ಬಹುಮಟ್ಟಿಗೆ ಇದೇ ಗಿಡ. ಎಲೆಗೆ ತೊಟ್ಟಿಲ್ಲ, ಅದರ ಬುಡವೇ ಕೊಳವೆಯಂತೆ ಕಾಂಡವನ್ನು ಸುತ್ತಿಕೊಂಡಿರುತ್ತದೆ. ಮೂರು ಎಸಳು, ಆರು ಕೇಸರಗಳ ನಸುಗೆಂಪು ಹೂ ಚಿಕ್ಕದು, ಒಂದೇ ದಿನದ್ದು. ಅದಕ್ಕಾಗಿ ಯಾರೂ ಈ ಗಿಡವನ್ನು ಸಾಕುವುದಿಲ್ಲ. ಶಾಲೆಯ ಸೂಕ್ಷ್ಮದರ್ಶಕ ಕೈಗೆ ಸಿಕ್ಕಿದರೆ ಎಲೆಯ ತಳದಿಂದ ತೆಳುವಾದ ಪೊರೆಯೊಂದನ್ನು ಎಬ್ಬಿಸಿ, ನೀರಿನ ಹನಿಯಲ್ಲಿಟ್ಟು ನೋಡಿರಿ: ನೇರಳೆ ಕೋಶಗಳ ನಡುವೆ ಪತ್ರರಂಧ್ರಗಳ (ಎಲೆ ಉಸಿರಾಡುವ ಸಣ್ಣ ತೂತುಗಳ) ಅಂಚಿನ ಕಾವಲು ಕೋಶಗಳು ಹಸಿರಾಗಿ ಎದ್ದು ಕಾಣುತ್ತವೆ. ಬಣ್ಣ ಹಚ್ಚುವ ಅಗತ್ಯವೇ ಇಲ್ಲದ ಇಂಥ ಮಾದರಿ ಬೇರೆ ಗಿಡಗಳಲ್ಲಿ ಅಷ್ಟು ಸುಲಭವಾಗಿ ಸಿಗದು.

ಹೊಸ ಗಿಡ ಮಾಡಲು ಮೂರು ನಾಲ್ಕು ಗೆಣ್ಣುಗಳಿರುವ ತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಕನಿಷ್ಠ ಒಂದು ಗೆಣ್ಣು ಮಣ್ಣಿನೊಳಗೆ ಇರುವಂತೆ ನೆಡಬೇಕು, ಏಕೆಂದರೆ ಬೇರು ಒಡೆಯುವುದು ಗೆಣ್ಣಿನಿಂದಲೇ. ಕೆಮ್ಮಣ್ಣು, ಮರಳು ಮತ್ತು ತೆಂಗಿನ ನಾರಿನ ಪುಡಿಯನ್ನು ಸಮನಾಗಿ ಬೆರೆಸಿದರೆ ನೀರು ನಿಲ್ಲುವುದಿಲ್ಲ. ತಳಕ್ಕೆ ತೂತು ಕೊರೆದ ಗೆರಟೆಯಲ್ಲಿಯೂ ಇದು ಬೇರು ಹಿಡಿಯುತ್ತದೆ. ನಮ್ಮಲ್ಲಿ ಗಿಡ ಸಾಯುವುದು ಬಿಸಿಲಿಗಿಂತ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ. ಹಂಚಿನ ಮಾಡಿನಿಂದ ಸುರಿಯುವ ನೀರು ನೇರವಾಗಿ ಬೀಳುವ ಜಾಗದಲ್ಲಿ ನಾನು ತೂಗುಹಾಕಿದ್ದ ಕುಂಡವೊಂದರಲ್ಲಿ ಕಾಂಡಗಳು ಬುಡದಲ್ಲೇ ಕೊಳೆತು ಲೋಳೆಯಾಗಿದ್ದವು. ಆದ್ದರಿಂದ ಮಳೆಗಾಲದಲ್ಲಿ ಅದನ್ನು ಜಗಲಿಯ ಒಳಬದಿಗೆ ಸರಿಸಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಬೇಕು. ಆದರೆ ತೀರ ಕತ್ತಲೆಗೆ ಒಯ್ದರೆ ಪಟ್ಟೆಗಳು ಮಾಸಿ, ಗೆಣ್ಣುಗಳ ನಡುವಿನ ಅಂತರ ಉದ್ದವಾಗಿ ಬಳ್ಳಿ ಸೊರಗುತ್ತದೆ. ಬೆಳಗಿನ ಎಳೆಬಿಸಿಲು ಇದಕ್ಕೆ ಹಿತ.

ಕಾಂಡದ ರಸ ಕೆಲವರ ಚರ್ಮಕ್ಕೆ ತುರಿಕೆ ತರುವುದರಿಂದ ಕತ್ತರಿಸಿದ ಬಳಿಕ ಕೈ ತೊಳೆಯಬೇಕು. ಕತ್ತರಿಸಿದ ತುಂಡುಗಳನ್ನು ತೋಟದ ತೋಡಿಗೆ ಎಸೆಯಬಾರದು: ಗೆಣ್ಣಿರುವ ಒಂದು ಚೂರು ಸಾಕು, ಅದು ಅಲ್ಲೇ ಬೇರೂರಿ ಹಬ್ಬುತ್ತದೆ. ಅವನ್ನು ಅಂಗಳದಲ್ಲಿ ಚೆನ್ನಾಗಿ ಒಣಗಿಸಿಯೇ ಗೊಬ್ಬರದ ಗುಂಡಿಗೆ ಹಾಕಿರಿ.