ರಿಪೋರ್ಟಿನ ಕೊನೇ ಸಾಲಲ್ಲಿ ‘ನಾಡ್ಯೂಲ್’ ಅಂತ ಇದ್ದರೆ

ಗದಗದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಕ್ಯಾಲೆಂಡರ್ ಮಾಡುತ್ತೇನೆ. ನಾನು ಡಾಕ್ಟರ್ ಅಲ್ಲ. ಆದರೆ ಒಂದು ವರ್ಷದ ಮೇಲಾಯಿತು, ಅಪ್ಪನ ಪುಪ್ಪುಸದಲ್ಲಿರುವ 7 ಮಿಲಿಮೀಟರ್ ಗಂಟಿನ ಲೆಕ್ಕ ಇಡುತ್ತಿದ್ದೇನೆ. ಎದೆ ಡಾಕ್ಟರ ಹತ್ತಿರ ಕೇಳಿ ಕೇಳಿ ತಿಳಿದದ್ದನ್ನು ಬರೆದಿಡುತ್ತಿದ್ದೇನೆ. ಇನ್ನೊಂದು ಮನೆಯವರಿಗೆ ಬೇಕಾಗಬಹುದು.

ಅಪ್ಪ ಬೆಟಗೇರಿಯಲ್ಲಿ ನಲವತ್ತು ವರ್ಷ ಮಗ್ಗ ನೇಯ್ದವರು. ಹೋದ ವರ್ಷ ಬೇಸಿಗೆಯಲ್ಲಿ ಕಿಡ್ನಿ ಸ್ಟೋನ್ ನೋವು ಬಂತು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯ ಸಿಟಿ ಸ್ಕ್ಯಾನ್ ಆಯಿತು. ಹರಳು ಬಿತ್ತು, ಮನೆಗೆ ಬಂದೆವು. ಐದು ತಿಂಗಳ ನಂತರ ಇನ್ಶೂರೆನ್ಸಿಗೆ ಜೆರಾಕ್ಸ್ ಮಾಡುವಾಗ ರಿಪೋರ್ಟಿನ ಕೊನೇ ಸಾಲು ಕಣ್ಣಿಗೆ ಬಿತ್ತು. ಬಲ ಪುಪ್ಪುಸದ ಕೆಳಭಾಗದಲ್ಲಿ 7 ಮಿಮೀ ನಾಡ್ಯೂಲ್. ಹೊಟ್ಟೆಯ ಸ್ಕ್ಯಾನಿನಲ್ಲಿ ಪುಪ್ಪುಸದ ಕೆಳತುದಿಯೂ ಬರುತ್ತದಂತೆ. ಡಿಸ್ಚಾರ್ಜ್ ಮಾಡುವಾಗ ಅದನ್ನು ಯಾರೂ ಹೇಳಿರಲಿಲ್ಲ. ಹಾಗಾಗಿ ಮೊದಲ ಕೆಲಸ ಇದು. ಯಾವ ಕಾರಣಕ್ಕೆ ಸ್ಕ್ಯಾನ್ ಆಗಿರಲಿ, ರಿಪೋರ್ಟನ್ನು ಪೂರ್ತಿ ಓದಿ. ಓದಲು ಬರದಿದ್ದರೆ ಡಾಕ್ಟರಿಗೆ ಬೆರಳಿಟ್ಟು ಕೇಳಿ: ‘ಕೊನೇ ಸಾಲಲ್ಲಿ ಏನೈತ್ರಿ?’

ನಾಡ್ಯೂಲ್ ಅಂದರೆ ಪುಪ್ಪುಸದೊಳಗೆ ಕಾಣುವ ದುಂಡನೆಯ ಚುಕ್ಕೆ, 3 ಸೆಂಟಿಮೀಟರ್ ಒಳಗಿನದು. ಅದಕ್ಕಿಂತ ದೊಡ್ಡದನ್ನು ಗಡ್ಡೆ ಅಂತಲೇ ನೋಡುತ್ತಾರೆ. ಇಂಥ ಚುಕ್ಕೆ ಬಹಳ ಜನರಲ್ಲಿ ಇರುತ್ತದೆ, ಹೆಚ್ಚಿನವು ಕ್ಯಾನ್ಸರ್ ಅಲ್ಲ. ಯಾವಾಗಲೋ ಬಂದು ಹೋದ ಟಿಬಿಯ ಕಲೆ, ಹಳೇ ಸೋಂಕಿನ ಗುರುತು, ಪುಪ್ಪುಸದೊಳಗಿನ ಸಣ್ಣ ಗ್ರಂಥಿ, ಹೀಗೆ.

ಆಮೇಲೆ ಅಳತೆ. ಪ್ರೆಸ್ಸಿನವನಿಗೆ ಮಿಲಿಮೀಟರ್ ಅಂದರೆ ದಿನದ ಮಾತು, ಆದರೂ ಆ ದಿನ ಕೈ ನಡುಗಿತು. ಅವ್ವನ ಡಬ್ಬಿಯಿಂದ ಕಾಳು ತೆಗೆದು ಸ್ಟೀಲ್ ಸ್ಕೇಲ್ ಮೇಲೆ ಇಟ್ಟು ನೋಡಿದೆ. ಹೆಸರುಕಾಳು ಹೆಚ್ಚುಕಡಿಮೆ 4 ಮಿಮೀ. ತೊಗರಿ 6ರ ಹತ್ತಿರ. ಕಾಬೂಲಿ ಕಡಲೆ 8 ದಾಟಿತು. ಡಾಕ್ಟರುಗಳು ಗೆರೆ ಹಾಕುವುದೂ ಈ 6 ಮತ್ತು 8ರಲ್ಲೇ. ಫ್ಲೈಷ್ನರ್ ಸೊಸೈಟಿ ಅನ್ನುವ ಪರಿಣತರ ಸಂಘ 2017ರಲ್ಲಿ ಹೇಳಿದ ಲೆಕ್ಕವನ್ನೇ ಜಾಸ್ತಿ ಕಡೆ ಹಿಡಿಯುತ್ತಾರೆ. ಗಟ್ಟಿ ಚುಕ್ಕೆ, ಅಂದರೆ ಸ್ಕ್ಯಾನಿನಲ್ಲಿ ಮಸುಕಾಗದೆ ಒತ್ತಾಗಿ ಕಾಣುವುದು, 6 ಮಿಮೀಗಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಒಂದೂ ಇಲ್ಲ. ಬೀಡಿ, ಸಿಗರೇಟಿನ ಚಟ ಇಲ್ಲದವರಿಗೆ ಮತ್ತೆ ಸ್ಕ್ಯಾನೇ ಬೇಡ. ಚಟ ಇದ್ದವರಿಗೆ ವರ್ಷದ ಮೇಲೆ ಒಂದು ಸಲ ನೋಡಬಹುದು. 6ರಿಂದ 8 ಇದ್ದರೆ 6ರಿಂದ 12 ತಿಂಗಳೊಳಗೆ ಒಂದು ಸ್ಕ್ಯಾನ್, ಆಮೇಲೆ 18ರಿಂದ 24 ತಿಂಗಳಿಗೆ ಇನ್ನೊಂದು. 8 ದಾಟಿದರೆ ತಡ ಮಾಡುವಂತಿಲ್ಲ. 3 ತಿಂಗಳಿಗೆ ಸ್ಕ್ಯಾನೋ, ಚುರುಕಾದ ಗಂಟು ಹೊಳೆದು ಕಾಣುವ ಪೆಟ್ ಸ್ಕ್ಯಾನೋ, ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಯೋ ಅಂತ ಡಾಕ್ಟರು ಕೂತು ತೀರ್ಮಾನಿಸುತ್ತಾರೆ. ಅಪ್ಪನ ಹೊಟ್ಟೆಯ ಸ್ಕ್ಯಾನಿನಲ್ಲಿ ಪುಪ್ಪುಸದ ಕೆಳತುದಿ ಮಾತ್ರ ಕಂಡದ್ದರಿಂದ ಮೊದಲು ಪೂರ್ತಿ ಎದೆಯ ಸಿಟಿ ಮಾಡಿಸಿದರು. ಅಳತೆ ಅಷ್ಟೇ ಇತ್ತು, ಬೇರೆ ಚುಕ್ಕೆ ಇರಲಿಲ್ಲ.

ಈ ಲೆಕ್ಕ ಎಲ್ಲರಿಗೂ ಅಲ್ಲ. 35ರೊಳಗಿನವರು, ಮೊದಲು ಕ್ಯಾನ್ಸರ್ ಆದವರು, ಎಚ್‌ಐವಿ ಇದ್ದವರು ಅಥವಾ ಕಿಡ್ನಿ ಕಸಿ ಮಾಡಿಸಿಕೊಂಡವರು ಇದನ್ನು ನೋಡಿ ಸುಮ್ನೆ ಕೂರಬಾರದು. ಕಫದಲ್ಲಿ ರಕ್ತ, ತೂಕ ಇಳಿಯುವುದು, ಸಂಜೆ ಜ್ವರ ಇದ್ದರೂ ಅಷ್ಟೇ. ತಿಂಗಳು ಎಣಿಸದೆ ನೇರ ಆಸ್ಪತ್ರೆಗೆ ಹೋಗಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಮಾತು ಹಳೇ ಫಿಲ್ಮಿನದು. ಹಾವೇರಿಯಲ್ಲಿರುವ ನಮ್ಮ ಕಾಕಾಗೂ 9 ಮಿಮೀ ಚುಕ್ಕೆ ಸಿಕ್ಕಿತ್ತು. ಬಯಾಪ್ಸಿಗೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಕಾಕುಗೆ 2021ರ ಕೊರೊನಾ ಸ್ಕ್ಯಾನ್ ನೆನಪಾಯಿತು. ಮಂಚದ ಕೆಳಗಿನ ಟ್ರಂಕಿನಲ್ಲಿ, ಕೌದಿಗಳ ನಡುವೆ, ಕವರ್ ಹಾಗೇ ಇತ್ತು. ಡಾಕ್ಟರು ಎರಡೂ ಫಿಲ್ಮನ್ನು ಒಂದರ ಪಕ್ಕ ಒಂದು ದೀಪದ ಹಲಗೆಗೆ ಸಿಕ್ಕಿಸಿದರು. ಅದೇ ಜಾಗ, ಅದೇ ಅಳತೆ. ಗಟ್ಟಿ ಚುಕ್ಕೆ ಎರಡು ವರ್ಷ ಬೆಳೆಯದೆ ನಿಂತರೆ ಅದು ಬಹುತೇಕ ಕ್ಯಾನ್ಸರ್ ಅಲ್ಲ. ಬಯಾಪ್ಸಿಯ ಸೂಜಿ ಬೇಡವಾಯಿತು.

ಅಪ್ಪನದೂ 2021ರ ಎದೆ ಸ್ಕ್ಯಾನ್ ಇತ್ತು. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನಾನೇ ರದ್ದಿಗೆ ಹಾಕಿದ್ದೆ. ಆ ಒಂದು ಕವರ್ ಇದ್ದಿದ್ದರೆ ಇಷ್ಟು ತಿಂಗಳು ಅವ್ವ ನಿದ್ದೆಗೆಡುತ್ತಿರಲಿಲ್ಲ. ಎರಡನೇ ಅಲೆಯಲ್ಲಿ ನಮ್ಮ ಕಡೆ ಎಷ್ಟೋ ಮನೆಯಲ್ಲಿ ಎದೆ ಸ್ಕ್ಯಾನ್ ಆಗಿದೆ. ದಯವಿಟ್ಟು ಹುಡುಕಿ. ಸಿಗದಿದ್ದರೆ ಸ್ಕ್ಯಾನ್ ಮಾಡಿದ ಸೆಂಟರಿಗೆ ಹೋಗಿ ಕಂಪ್ಯೂಟರಿನಲ್ಲಿ ಉಳಿದಿದೆಯಾ ಕೇಳಿ. ಬರೀ ರಿಪೋರ್ಟ್ ಸಾಲದು, ಚಿತ್ರ ಬೇಕು, ಸೀಡಿ ಇದ್ದರೆ ಇನ್ನೂ ಒಳ್ಳೆಯದು. ಮಾಮೂಲಿ ಎಕ್ಸ್‌ರೇಯಲ್ಲಿ ಇಷ್ಟು ಸಣ್ಣದು ಕಾಣದೇ ಹೋಗಬಹುದು. ‘ಎಕ್ಸ್‌ರೇ ಚೆನ್ನಾಗಿದೆ’ ಅಂತ ನಂಬಿ ಬಿಡಬೇಡಿ.

ರಿಪೋರ್ಟಿನಲ್ಲಿ ಅಳತೆಯ ಪಕ್ಕದ ಶಬ್ದಗಳನ್ನೂ ನೋಡಿ. ‘ಕ್ಯಾಲ್ಸಿಫೈಡ್’ ಅಂತಿದ್ದು, ಚುಕ್ಕೆ ಪೂರ್ತಿ ಅಥವಾ ನಡುವೆ ಸುಣ್ಣಗಟ್ಟಿದ್ದರೆ ಅದು ಸಾಮಾನ್ಯವಾಗಿ ವಾಸಿಯಾದ ಹಳೇ ಗಾಯ. ಅಂಚು ಮುಳ್ಳುಮುಳ್ಳಾಗಿದ್ದರೆ, ಪುಪ್ಪುಸದ ಮೇಲಿನ ಭಾಗದಲ್ಲಿದ್ದರೆ ಅನುಮಾನ ಹೆಚ್ಚು. ‘ಗ್ರೌಂಡ್ ಗ್ಲಾಸ್’ ಅಂದರೆ ಮಂಜು ಹಿಡಿದ ಗಾಜಿನ ಹಾಗೆ ಮಸುಕಾದ ಚುಕ್ಕೆ. ಇದು ಬೆಳೆದರೂ ಬಹಳ ನಿಧಾನ. 6 ಮಿಮೀ ಅಥವಾ ಮೇಲಿದ್ದರೆ ಮೊದಲು 6ರಿಂದ 12 ತಿಂಗಳಿಗೆ ನೋಡಿ, ಉಳಿದುಕೊಂಡಿದ್ದರೆ ಎರಡು ವರ್ಷಕ್ಕೊಮ್ಮೆಯಂತೆ ಐದು ವರ್ಷದವರೆಗೆ ನೋಡುತ್ತಾರೆ. ಮಸುಕಿನ ನಡುವೆ ಗಟ್ಟಿ ಭಾಗ ಇದ್ದರೆ ಇನ್ನೂ ಬೇಗ, 3ರಿಂದ 6 ತಿಂಗಳಿಗೇ.

ನಮ್ಮ ಕಡೆ ಇನ್ನೊಂದು ಗೊಂದಲ ಟಿಬಿಯದು. ಟಿಬಿ ಗಂಟು ಕೂಡ ಪೆಟ್ ಸ್ಕ್ಯಾನಿನಲ್ಲಿ ಹೊಳೆಯುತ್ತದೆ. ಹೊಳೆಯಿತು ಅಂದ ಕೂಡಲೇ ಕ್ಯಾನ್ಸರ್ ಅಲ್ಲ. ಹಾಗೇ ಚುಕ್ಕೆ ಒಂದನ್ನೇ ನೋಡಿ ಆರು ತಿಂಗಳ ಟಿಬಿ ಮಾತ್ರೆ ಬರೆದುಕೊಟ್ಟರೆ, ಕಫ ಪರೀಕ್ಷೆಯಲ್ಲಿ ಏನು ಬಂತು ಅಂತ ಕೇಳಿ. ಸರಕಾರಿ ಆಸ್ಪತ್ರೆಯಲ್ಲಿ ಆ ಪರೀಕ್ಷೆಗೆ ದುಡ್ಡಿಲ್ಲ.

ಮತ್ತೆ ಸ್ಕ್ಯಾನ್ ಮಾಡಿಸುವಾಗ ಆದಷ್ಟು ಅದೇ ಸೆಂಟರಿಗೆ ಹೋಗಿ. ಚುಕ್ಕೆಯ ಅಳತೆ ನೋಡಲು ಸಾಮಾನ್ಯವಾಗಿ ಬಣ್ಣದ ಇಂಜೆಕ್ಷನ್ ಬೇಕಿಲ್ಲ. ‘ಲೋ ಡೋಸ್, ತೆಳು ಪದರದ ಸಿಟಿ’ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ರೇಡಿಯೇಷನ್ ಕಡಿಮೆ ಆಗುತ್ತದೆ. 7 ಇದ್ದದ್ದು 8 ಅಂತ ಬಂದರೆ ಎದೆ ಒಡೆದುಕೊಳ್ಳಬೇಡಿ. ಉಸಿರು ಹಿಡಿದದ್ದರಲ್ಲಿ, ಅಳೆದ ಕೈಯಲ್ಲಿ ಒಂದು ಮಿಲಿಮೀಟರ್ ಆಚೀಚೆ ಆಗುತ್ತದೆ. ಎರಡು ಮಿಲಿಮೀಟರ್ ಹೆಚ್ಚಿದರೆ ಮಾತ್ರ ಬೆಳೆದಿದೆ ಅಂತ ಹಿಡಿಯುತ್ತಾರೆ, ಅದು ಸಣ್ಣದಲ್ಲ. 8 ಮಿಮೀ ಉಂಡೆ 10 ಆಯಿತೆಂದರೆ ಅದರ ಒಟ್ಟು ಗಾತ್ರ ಹೆಚ್ಚುಕಡಿಮೆ ಎರಡು ಪಟ್ಟು.

ಮನೆಯ ಹಿರಿಯರಿಂದ ಮುಚ್ಚಿಡುವುದು ನನಗೆ ಸರಿ ಕಾಣಲಿಲ್ಲ.

‘ಏನಂತ ಬರದಾರಪಾ?’ ಅಂತ ಅಪ್ಪ ಕೇಳಿದರು.

‘ಸಣ್ಣ ಗಂಟು ಐತಂತ ಅಪ್ಪಾ. ಕಡ್ಲಿಗಿಂತ ಸಣ್ಣದು.’

‘ಕ್ಯಾನ್ಸರೇನು?’

‘ಇನ್ನಾ ಗೊತ್ತಿಲ್ಲ. ಅಳತಿ ನೋಡ್ಕೋತ ಹೋಗೂದಂತ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರ ತಾರೀಖು ಮರೀಬ್ಯಾಡ’ ಅಂದರು. ಹತ್ತು ವರ್ಷದ ಹಿಂದೆ ಬಿಟ್ಟ ಬೀಡಿಯನ್ನು ಮತ್ತೆ ಮುಟ್ಟಿಲ್ಲ. ನೀವು ಇನ್ನೂ ಸೇದುತ್ತಿದ್ದರೆ ಇವತ್ತೇ ಬಿಡಿ.

ಹುಬ್ಬಳ್ಳಿಯ ಸರಕಾರಿ ಕಿಮ್ಸ್ ಆಸ್ಪತ್ರೆಯಲ್ಲಿ (ಈಗಿನ ಹೆಸರು ಕೆಎಂಸಿಆರ್‌ಐ) ಎದೆ ರೋಗದ ವಿಭಾಗ ಇದೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಎಲ್ಲಿಗೇ ಹೋದರೂ ಹೊರಗೆ ಬರುವ ಮುಂಚೆ ಕೇಳಬೇಕಾದ್ದು ಇಷ್ಟು: ಅಳತೆ ಎಷ್ಟು, ಗಟ್ಟಿಯೋ ಮಸುಕೋ, ಹಳೇದರ ಜೊತೆ ಹೋಲಿಸಿದಿರಾ, ಮುಂದಿನ ಸ್ಕ್ಯಾನ್ ಯಾವ ತಿಂಗಳು. ಉತ್ತರವನ್ನು ಫೈಲಿನ ಮೇಲೇ ಬರೆಯಿರಿ.

ಅಪ್ಪನ ಮುಂದಿನ ಸ್ಕ್ಯಾನ್ ಈ ದೀಪಾವಳಿ ಮುಗಿದ ಮೇಲಿನ ಸೋಮವಾರ. ಪ್ರೆಸ್ಸಿನ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದೇನೆ. ಫಿಲ್ಮು, ಸೀಡಿ, ಎರಡೂ ರಿಪೋರ್ಟು ಒಂದೇ ಕವರಿನಲ್ಲಿ ಬೀರುವಿನ ಮೇಲಿವೆ. ಮೇಲೆ ದಪ್ಪ ಅಕ್ಷರದಲ್ಲಿ ‘ರದ್ದಿಗೆ ಹಾಕಬಾರದು’ ಅಂತ ಪ್ರಿಂಟ್ ಮಾಡಿ ಅಂಟಿಸಿದ್ದೇನೆ.